ಗುಹೆಯ ಮುಂದೆ ನಿಂತ ಮಾದೇವ

ಮೊನ್ನೆ ಭಾನುವಾರ, ಬಹಳ ದಿನದಿಂದ ಮುಂದಕ್ಕೆ ಹಾಕುತ್ತಿದ್ದ ಕೆಲಸ ಅಂತ ಕಂಪ್ಯೂಟರ್ ಮೇಜಿನ ಧೂಳು ಹೊಡೆಯಲು ಕೂತೆ. ಸಿಪಿಯು ಡಬ್ಬದ ಹಿಂದಿನ ಜಾಲರಿಯೊಳಗಿಂದ ಒಣಗಿದ ಚೆಂಡುಹೂವಿನ ಎಸಳೊಂದು ಪೊರಕೆ ಕಡ್ಡಿಗೆ ಸಿಕ್ಕಿ ಈಚೆಗೆ ಬಂತು. ಡಬ್ಬದ ನೆತ್ತಿಯ ಮೇಲೆ ವಿಭೂತಿಯ ಮೂರು ಪಟ್ಟೆ ಇನ್ನೂ ತೆಳ್ಳಗೆ ಕಾಣುತ್ತದೆ. ಬೇರೆಯವರ ಮನೆಯಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರ್‌ಗೆ ಒಂದು ಬೊಟ್ಟು ಕುಂಕುಮ ಇಟ್ಟು ಕೈ ಮುಗಿಯುತ್ತಾರೆ. ನಮ್ಮದು ಅಷ್ಟಕ್ಕೇ ತೃಪ್ತಿಪಟ್ಟ ಕಂಪ್ಯೂಟರ್ ಅಲ್ಲ. ಅದಕ್ಕೆ ತಲೆಯಿಂದ ಕಾಲಿನವರೆಗೆ ಸ್ನಾನವಾಗಿದೆ. ಎಣ್ಣೆ ಹಚ್ಚಲಿಲ್ಲ ಅನ್ನುವುದೊಂದೇ ಸಮಾಧಾನ.

ಈ ಕಾಲದಲ್ಲಿ ಇಂಥ ಮುದಿ ಡಬ್ಬವನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂತ ನೀವು ಕೇಳಬಹುದು. ಅದರೊಳಗೆ ಒಂದು ಆಟವಿದೆ. ಹೆಸರು ಹೇಳಿದರೆ ಗೊತ್ತಿರುವವರು ನಗುತ್ತೀರಿ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಆದ್ದರಿಂದ ಹೆಸರು ಬಿಡಿ. ಒಂದು ರಾಜ್ಯ, ಅದರಲ್ಲಿ ಹತ್ತಾರು ಊರು. ಒಂದು ಘಟಸರ್ಪ ಹೊಳೆಯ ನೀರನ್ನೆಲ್ಲ ಕುಡಿದು ಗುಹೆಯೊಳಗೆ ಮಲಗಿಬಿಟ್ಟಿದೆ. ಊರಿನ ಒಬ್ಬ ಬಡ ಹುಡುಗ ಕತ್ತಿ ಹಿಡಿದು ಹೊರಟು, ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟ ರಾಕ್ಷಸರನ್ನು ಹೊಡೆದು, ಬಲ ಬೆಳೆಸಿಕೊಂಡು, ಕೊನೆಗೆ ಆ ಸರ್ಪವನ್ನು ಕೊಂದು ನೀರು ಬಿಡಿಸಬೇಕು. ಇಷ್ಟೇ ಕಥೆ. ಇಷ್ಟನ್ನು ಮುಗಿಸಲು ನನಗೆ ಅರ್ಧ ಆಯುಸ್ಸು ಹಿಡಿಯಿತು.

ಆಟ ಮೊದಲು ಕಣ್ಣಿಗೆ ಬಿದ್ದದ್ದು ಮಳವಳ್ಳಿಯಲ್ಲಿ. ಅಪ್ಪನದು ಅಲ್ಲಿ ಬೀಜ ಗೊಬ್ಬರದ ಅಂಗಡಿ. ಮಕ್ಕಳು ಕಂಪ್ಯೂಟರ್ ಕಲಿತರೆ ಉದ್ಧಾರವಾಗುತ್ತಾರೆಂದು ಯಾರೋ ಅಪ್ಪನ ಕಿವಿ ಊದಿದ್ದರು. ಡಬ್ಬ ಮನೆಗೆ ಬಂತು, ಅದರ ಹಿಂದೆಯೇ ಅಣ್ಣನ ಗೆಳೆಯನೊಬ್ಬನ ಸಿ.ಡಿ.ಯೂ ಬಂತು. ಆ ಸಿ.ಡಿ. ವಾಪಸು ಹೋಗಲಿಲ್ಲ. ಅಪ್ಪ ಬಾಗಿಲಲ್ಲಿ ಇಣುಕಿ, "ಏನ್ ಕಲೀತಾ ಇದ್ದೀರ್ಲಾ?" ಅಂತ ಕೇಳಿದರೆ ಅಣ್ಣ ಕಣ್ಣು ಮಿಟುಕಿಸದೆ, "ಇಂಗ್ಲಿಷು ಕಣಪ್ಪಾ" ಅನ್ನುತ್ತಿದ್ದ. ಸುಳ್ಳೇನಲ್ಲ. ಆಟದಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಕತ್ತಿ, ಗುರಾಣಿ, ಮದ್ದು, ಶಾಪ, ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ನನಗೆ ನಿದ್ದೆಯಲ್ಲೂ ಗೊತ್ತಿತ್ತು. ಬ್ಯಾಂಕಿನಲ್ಲಿ ಹಣ ಕಟ್ಟುವ ಚೀಟಿ ತುಂಬಲು ಮಾತ್ರ ಬರುತ್ತಿರಲಿಲ್ಲ.

ಆ ಆಟ ಕಲಿಸಿದ ಇನ್ನೊಂದು ಚಾಳಿ ಸೇವ್ ಮಾಡುವುದು. ಮಳವಳ್ಳಿಯ ಕರೆಂಟು ಯಾವಾಗ ಹೋಗುತ್ತದೆಂದು ಕರೆಂಟಿಗೂ ಗೊತ್ತಿರುತ್ತಿರಲಿಲ್ಲ. ಆಟದ ಊರುಗಳಲ್ಲಿ ಒಂದೊಂದು ಛತ್ರವಿದೆ. ಅಲ್ಲಿಗೆ ಹೋಗಿ ಹುಡುಗನನ್ನು ಮಲಗಿಸಿದರೆ ಅಲ್ಲಿಯವರೆಗಿನ ಆಟ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಮಲಗಿಸುವ ಮುಂಚೆ ಕರೆಂಟು ಹೋದರೆ ಪಟ್ಟ ಪಾಡೆಲ್ಲ ನೀರುಪಾಲು. ಒಮ್ಮೆ ಮುತ್ತತ್ತಿಗೆ ಹರಕೆ ತೀರಿಸಲು ಹೋದಾಗ ಅಣ್ಣ ಹೊಳೆಯ ಬಂಡೆ ಹತ್ತಿ, ಕೋಲು ಝಳಪಿಸಿ, "ಎಲೈ ಘಟಸರ್ಪವೇ, ಈಚೆಗೆ ಬಾ" ಅಂತ ಅಬ್ಬರಿಸಿದ. ಈಚೆಗೆ ಬಂದದ್ದು ಕೋತಿ. ಬಂದು ನಮ್ಮ ಚಿತ್ರಾನ್ನದ ಡಬ್ಬವನ್ನು ಎತ್ತಿಕೊಂಡು ಮರ ಹತ್ತಿತು. "ಥೂ, ಸೇವ್ ಮಾಡಿರ್ಲಿಲ್ಲ ಕಣೇ" ಅಂದ ಅಣ್ಣ. ನಾನು ಮದುವೆಯ ದಿನ ಹಸೆಮಣೆಯ ಮೇಲೆ ಕೂತಾಗಲೂ ಒಳಗೊಳಗೇ ಅದನ್ನೇ ಯೋಚಿಸಿದೆ. ಒಂದು ಸಲ ಸೇವ್ ಮಾಡಿಕೊಂಡಿದ್ದರೆ ಚೆನ್ನಾಗಿತ್ತು, ಹೆಚ್ಚುಕಮ್ಮಿಯಾದರೆ ವಾಪಸು ಇಲ್ಲಿಗೇ ಬರಬಹುದಿತ್ತು.

ಕೊಟ್ಟದ್ದು ಹನಕೆರೆಗೆ. ಬೀರು, ಮಂಚ, ಪಾತ್ರೆ ಪಗಡೆಯ ಜೊತೆ ಆ ಡಬ್ಬವೂ ಟೆಂಪೋ ಹತ್ತಿತು. ಮನೆಯಲ್ಲಿ ಇದ್ದದ್ದು ಮೂರೇ ಜನ. ನಮ್ಮನೆಯವರು ಕಬ್ಬು, ಗದ್ದೆ ನೋಡಿಕೊಳ್ಳುತ್ತಾರೆ. ನಾನು ಮದ್ದೂರಿನ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ, ರೈಲಿನಲ್ಲಿ ಹೋಗಿ ಬರುತ್ತೇನೆ. ಮೂರನೆಯವರು ಅತ್ತೆ. ಮಾವ ನಾನು ಬರುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಅತ್ತೆ ಕೆಟ್ಟವರಲ್ಲ. ಜಗಳಗಂಟಿಯೂ ಅಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಮಾತೇ ಆಡುತ್ತಿರಲಿಲ್ಲ. "ಸಾರ್ಗೆ ಉಪ್ಪು ಕಮ್ಮಿ", "ಆಲ್ ಉಕ್ತದೆ ನೋಡು", ಇಂಥ ಎರಡು ಮೂರು ಮಾತು ಬಿಟ್ಟರೆ ದಿನವೆಲ್ಲ ಮೌನ. ನನಗೋ ಮಾತಿಲ್ಲದಿದ್ದರೆ ಅನ್ನ ಸೇರುವುದಿಲ್ಲ. ರೈಲಿನಲ್ಲಿ ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಿ ಮಾತಾಡಿ ಹೊಟ್ಟೆ ತುಂಬಿಸಿಕೊಂಡು ಮನೆಗೆ ಬಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಮೊದಲ ವರ್ಷ ಹೀಗೇ ಕಳೆಯಿತು.

ಒಂದು ರಜೆಯ ದಿನ ಬೇಜಾರಿಗೆ ಆ ಹಳೇ ಆಟ ಹಾಕಿಕೊಂಡು ಕೂತಿದ್ದೆ. ಅತ್ತೆ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

"ಅದೇನಮ್ಮಿ ಅದು, ಇರ್ವೆ ಅರ್ದಂಗ್ ಅರೀತದೆ?"

"ಆಟ ಅತ್ತೆ. ಒಂದು ಹಾವು ಹೊಳೆ ನೀರನ್ನೆಲ್ಲ ಕುಡ್ಕೊಂಡು ಗುಹೇಲಿ ಮಲಗ್ಬಿಟ್ಟದೆ. ಊರಿಗೆ ನೀರಿಲ್ಲ. ಈ ಹುಡ್ಗ ಹೋಗಿ ಬಿಡಿಸ್ಬೇಕು."

ಮೊರ ಕೆಳಗಿಳಿಯಿತು. "ನೀರ್ ತಡ್ದದಾ? ಎಲ್ ಮನೀಕಂಡದೆ ಅದು? ಒಸಿ ಅತ್ಲಾಗ್ ಜರುಗು."

ನೋಡಿ, ಈ ಆಟ ಮಾಡಿದವರು ಯಾವ ದೇಶದವರೋ ನನಗೆ ತಿಳಿಯದು. ಹೊಳೆ ನೀರು ತಡೆದವನ ಕಥೆಯನ್ನು ನಾಲೆ ಬಯಲಿನ ಹೆಂಗಸೊಬ್ಬಳು ಎಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಹುದೆಂದು ಅವರು ಖಂಡಿತ ಎಣಿಸಿರಲಾರರು. ಅತ್ತೆ ಅವತ್ತು ಕೂತವರು ಅಡುಗೆಗೂ ಏಳಲಿಲ್ಲ. ಇಂಗ್ಲಿಷ್ ಬಾರದ್ದರಿಂದ ನಾನು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಬೇಕಿತ್ತು. ಹುಡುಗನ ಹೆಸರೇನೆಂದು ಕೇಳಿದರು. ಆಟಕ್ಕೆ ಆರು ಇಂಗ್ಲಿಷ್ ಅಕ್ಷರದ ಹೆಸರು ಸಾಕು, ನಮಗೆ ಬೇಕಾದ್ದು ಇಡಬಹುದು ಅಂದೆ. "ಮಾದೇವ ಅನ್ನು" ಅಂದರು. ಎಣಿಸಿ ನೋಡಿದೆ, ಸರಿಯಾಗಿ ಹಿಡಿಯಿತು. ಅಲ್ಲಿಂದ ಮುಂದೆ ಆ ಪರದೇಶದ ರಾಜನೂ ಮಂತ್ರಿಯೂ ನಮ್ಮ ಹುಡುಗನನ್ನು ಮಾದೇವ ಅಂತಲೇ ಕರೆದರು.

ಇಂಥ ಆಟಗಳಲ್ಲಿ ಒಂದು ಪದ್ಧತಿಯಿದೆ. ಹೀರೋ ಯಾರ ಮನೆಗೆ ಬೇಕಾದರೂ ನುಗ್ಗಿ, ಮಡಕೆ ಒಡೆದು, ಪೆಟ್ಟಿಗೆ ತೆಗೆದು, ಇದ್ದಬದ್ದದ್ದನ್ನು ಜೇಬಿಗೆ ಹಾಕಿಕೊಳ್ಳಬಹುದು. ಮನೆಯವರು ಎದುರಿಗೇ ನಿಂತಿದ್ದರೂ ಏನೂ ಅನ್ನುವುದಿಲ್ಲ. ಅಣ್ಣನೂ ನಾನೂ ಹೀಗೆ ಇಡೀ ರಾಜ್ಯವನ್ನು ಬೋಳಿಸಿದ್ದೆವು. ಅತ್ತೆ ಮಾತ್ರ ಮೊದಲ ಮಡಕೆ ಒಡೆದಾಗಲೇ ನನ್ನ ಕೈ ಹಿಡಿದರು.

"ಏ, ಏನಮ್ಮಿ ಮಾಡ್ತಿದ್ದೀಯ? ಕಂಡೋರ್ ಮನೆ ಒಳಿಕ್ ನುಗ್ಗಿ ಮಡ್ಕೆ ಒಡೀತಾನಲ್ಲ, ಇವನ್ಗೆ ಅವ್ವ ಅಪ್ಪ ಏನೂ ಕಲಿಸ್ನಿಲ್ವಾ?"

"ಆಟದಲ್ಲಿ ಹಂಗೇ ಅತ್ತೆ. ಅದ್ರೊಳಗೆ ಔಷಧಿ ಇರ್ತದೆ."

"ಔಸ್ದಿ ಬೇಕಾರೆ ಕೇಳಿ ಈಸ್ಕಳ್ಳಿ."

ಅವತ್ತಿನಿಂದ ನಮ್ಮ ಮಾದೇವ ಯಾರ ಮನೆಗೂ ಸುಮ್ಮನೆ ಹೋಗಲಿಲ್ಲ. ಹೊಸ್ತಿಲ ಹತ್ತಿರ ಅವನನ್ನು ನಿಲ್ಲಿಸಬೇಕು, ಅತ್ತೆ ಪರದೆಯ ಕಡೆ ಬಗ್ಗಿ, "ಯಾರವ್ವಾ ಒಳ್ಗೆ?" ಅಂತ ಕೂಗಬೇಕು, ಆಮೇಲೆ ಒಳಗೆ. ಹೀಗಾಗಿ ಅವನಷ್ಟು ಮರ್ಯಾದಸ್ಥನೂ ಅವನಷ್ಟು ದಿಕ್ಕೆಟ್ಟ ಬಡವನೂ ಆ ರಾಜ್ಯದಲ್ಲಿ ಇನ್ನೊಬ್ಬ ಇರಲಿಲ್ಲ. ಕಾಡಿನಲ್ಲಿ ಬೇರುನಾರು ಕಿತ್ತು ಮಾರಿ ಕತ್ತಿ ಕೊಂಡ. ರೊಟ್ಟಿ ತಿನ್ನಿಸದೆ ಅವನನ್ನು ಊರಾಚೆ ಕಳಿಸುವ ಹಾಗಿರಲಿಲ್ಲ. ಸಂಜೆ ನಾನು ರೈಲಿಳಿದು ಬಂದ ಕೂಡಲೇ ಅತ್ತೆ ಕಾಫಿ ಲೋಟ ಕೈಗೆ ಕೊಟ್ಟು, "ಮಾದೇವ ಅಸ್ಕಂಡವ್ನೆ, ಬಾ" ಅನ್ನುತ್ತಿದ್ದರು. ಮಾತು ಅವನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಆಟದ ಮಂತ್ರಿಯನ್ನು ನೋಡಿ ಊರಿನ ಒಬ್ಬರ ನೆನಪು, ಆಟದ ಸೊಸೆಯನ್ನು ನೋಡಿ ಇನ್ನೊಬ್ಬರದು. ನನಗೆ ಊಟ ಸೇರತೊಡಗಿತು.

ಅಣ್ಣನ ಮಗ ಒಮ್ಮೆ ಬಂದವನು ನಮ್ಮ ಆಟವನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ಮನುಷ್ಯರು ಇಟ್ಟಿಗೆ ಜೋಡಿಸಿದ ಹಾಗಿದ್ದಾರೆ ಅಂದ. ತನ್ನ ಫೋನಿನಲ್ಲಿ ಹೊಸ ಆಟ ತೋರಿಸಿದ. ಅದರಲ್ಲಿ ಹುಲ್ಲು ಅಲ್ಲಾಡುತ್ತದೆ, ಕುದುರೆ ಬೆವರುತ್ತದೆ, ಒಂದು ಕತ್ತಿ ಬೇಕಾದರೆ ನಿಜವಾದ ದುಡ್ಡು ಕೇಳುತ್ತದೆ. ನನಗೆ ಐದೇ ನಿಮಿಷಕ್ಕೆ ತಲೆ ಸುತ್ತಿತು. ಹಳೆಯದರಲ್ಲಿ ಅಂಥದ್ದೇನಿದೆ ಅಂತ ಅವನಿಗೆ ಹೇಳಲು ಹೋಗಿ ಬರಲಿಲ್ಲ. ಈಗ ಹೇಳುತ್ತೇನೆ. ಆ ಊರ ಬಾಗಿಲಲ್ಲಿ ಒಬ್ಬ ಮುದುಕ ಕೂತಿದ್ದಾನೆ. ಎಷ್ಟು ಸಲ ಹೋಗಿ ಕೇಳಿದರೂ ಅದೇ ಮಾತನ್ನು ಅದೇ ತಾಳ್ಮೆಯಿಂದ ಹೇಳುತ್ತಾನೆ. ಇಪ್ಪತ್ತು ವರ್ಷದ ಮೇಲೆ ಹೋದರೂ "ಬಾ ಮಗು, ದಾರಿ ಉತ್ತರಕ್ಕಿದೆ" ಅನ್ನುತ್ತಾನೆ. ನಾನು ದಪ್ಪಗಾಗಿದ್ದೇನೆ ಅನ್ನುವುದಿಲ್ಲ. ಜೊತೆಗೆ ಮುಖಗಳಿಗೆ ಕಣ್ಣು ಮೂಗು ಸರಿಯಾಗಿ ಬರೆಯದೆ ಇರುವುದರಿಂದ ಅವರು ಯಾರು ಬೇಕಾದರೂ ಆಗಬಹುದು. ಅತ್ತೆಗೆ ಆ ನಾಲ್ಕು ಚುಕ್ಕೆಯ ಹುಡುಗ ಹನಕೆರೆಯವನ ಹಾಗೇ ಕಂಡ. ಹುಲ್ಲು ಅಲ್ಲಾಡುವ ಆಟದಲ್ಲಿ ಅವನು ಪರದೇಶಿಯಾಗಿಬಿಡುತ್ತಿದ್ದ.

ಹೀಗೆ ಮಾದೇವ ಬೆಳೆದು, ಸರ್ಪದ ಗುಹೆಯ ಮುಂದಿನ ಛತ್ರ ತಲುಪಿದ. ಅಲ್ಲಿ ನಿಂತ. ನಿಂತೇ ಇದ್ದ. ಕತ್ತಿ ಇನ್ನೂ ಸಾಲದು ಅಂತ ನಾನು. ಔಷಧಿ ಇನ್ನೊಂದಷ್ಟು ಇರಲಿ ಅಂತ ಅತ್ತೆ. ಮಳೆಗಾಲ ಹೋಯಿತು, ಕಬ್ಬು ಕಟಾವಾಯಿತು, ಅದರ ಬುಡದಿಂದ ಮತ್ತೆ ಕೂಳೆ ಚಿಗುರಿತು. ಗುಹೆಗೆ ಬೆನ್ನು ಹಾಕಿ ನಾವು ಅದೇ ಕಾಡಿನಲ್ಲಿ ಅವೇ ರಾಕ್ಷಸರನ್ನು ಹೊಡೆಯುತ್ತಾ ಕಾಲ ಕಳೆದೆವು. ನನಗೆ ಕಾರಣ ಗೊತ್ತಿತ್ತು. ಸರ್ಪ ಸತ್ತರೆ ಆಟ ಮುಗಿಯುತ್ತದೆ. ಆಟ ಮುಗಿದರೆ ನಾವಿಬ್ಬರೂ ಮತ್ತೆ ಸಾರಿನ ಉಪ್ಪಿಗೆ ವಾಪಸು ಹೋಗುತ್ತೇವೇನೋ ಅನ್ನುವ ಭಯ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೆಳಿಗ್ಗೆ ಎದ್ದು ನಮ್ಮನೆಯವರು ಟಿಲ್ಲರನ್ನೂ ಬೈಕನ್ನೂ ಬೋರ್‌ವೆಲ್ ತೊಟ್ಟಿಯ ಹತ್ತಿರ ತೊಳೆದು ನಿಲ್ಲಿಸಿದರು. ಕುಡುಗೋಲು, ಮಚ್ಚು, ಹಾರೆ ಎಲ್ಲ ಹುಣಸೆಹಣ್ಣು ಹಚ್ಚಿಸಿಕೊಂಡು ಬೆಳ್ಳಗಾದವು. ನಾನು ಒಲೆಯ ಮುಂದೆ ಒಬ್ಬಟ್ಟು ಬೇಯಿಸುತ್ತಿದ್ದೆ. ಮಂಗಳಾರತಿ ತಟ್ಟೆ ಹಿಡಿದು ಅಂಗಳಕ್ಕೆ ಬಂದರೆ, ಟಿಲ್ಲರಿಗೂ ಹಾರೆಗೂ ನಡುವೆ ಸಾಲಾಗಿ ನನ್ನ ಸಿಪಿಯು ಕೂತಿದೆ. ನೆತ್ತಿಗೆ ವಿಭೂತಿ, ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಹಿಂದಿನ ಜಾಲರಿಯಿಂದ ತೊಟ ತೊಟ ನೀರು ಸುರಿಯುತ್ತಿದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. "ನೋಡಮ್ಮಿ, ಎಂಗ್ ಒಳೀತದೆ! ವರ್ಸೆಲ್ಲ ದುಡ್ದದೆ, ಧೂಳ್ ಇಡ್ಕಂಡು ಕುಂತಿತ್ತು. ಸೋಪಿನ್ ಪುಡಿ ಆಕಿ, ನಾರಲ್ ಉಜ್ಜಿ, ಎಲ್ಡ್ ಬಿಂದ್ಗೆ ಉಯ್ದೆ."

ಆ ಹೊತ್ತಿಗೆ ಒಂದು ಛತ್ರ ಸಿಕ್ಕಿದ್ದರೆ ಅಲ್ಲೇ ಮಲಗಿಬಿಡುತ್ತಿದ್ದೆ. ಬಾಯಿ ಬಿಟ್ಟವರು ನಮ್ಮನೆಯವರು.

"ಅವ್ವಾ! ಅದ್ಕೆ ನೀರಾಕ್ಬುಟ್ಯಾ?"

"ಯಾಕ್ಲಾ, ಟಿಲ್ಲರ್ಗ್ ನೀನ್ ಆಕ್ನಿಲ್ವಾ?"

"ಅದು ಕರೆಂಟಿಂದು ಕಣವ್ವ. ಒಳಿಕ್ ನೀರ್ ಓದ್ರೆ ಎಲ್ಲ ಸುಟ್ಟೋಯ್ತದೆ. ಆಟವೂ ಇಲ್ಲ ಏನೂ ಇಲ್ಲ."

ಅತ್ತೆ ನನ್ನ ಮುಖ ನೋಡಿದರು. ಇವನು ತಮಾಷೆ ಮಾಡುತ್ತಿದ್ದಾನೆ ಅಂತ ನಾನು ಹೇಳಲೆಂದು ಕಾದರು. ನಾನು ಮಂಗಳಾರತಿ ತಟ್ಟೆ ಕೆಳಗಿಟ್ಟು ಜಾಲರಿಗೆ ಸೆರಗು ಒತ್ತಿದೆ. "ಮಾದೇವ?" ಅಂದರು, ಬಹಳ ಸಣ್ಣ ದನಿಯಲ್ಲಿ. "ಒಳ್ಗೆ ಮಾದೇವ ಅವ್ನಲ್ಲಮ್ಮಿ." ಆಮೇಲೆ ಒಳಗೆ ಹೋಗಿ ಮೂಲೆಯಲ್ಲಿ ಕೂತರು. ಒಬ್ಬಟ್ಟು ಮುಟ್ಟಲಿಲ್ಲ.

ಅಣ್ಣನಿಗೆ ಫೋನು ಮಾಡಿದೆ. ಅವನು ಮೊದಲು ನಕ್ಕ, ಆಮೇಲೆ ಗಂಭೀರವಾದ. "ಸ್ವಿಚ್ ಗಿಚ್ ಹಾಕ್ಬುಟ್ಟೀಯ, ಹುಸಾರು. ಬಿಸ್ಲಲ್ಲಿ ಚೆನ್ನಾಗಿ ಒಣಗ್ಸಿ ಆಮೇಲೆ ಅಂಗ್ಡಿಗೆ ಎತ್ಕೊಂಡೋಗು. ನಿಮ್ ಮಾದೇವ ಇರೋದು ಒಳಗಿನ ಸಣ್ಣ ಕಬ್ಬಿಣದ ಡಬ್ಬೀಲಿ. ಅದ್ರೊಳಕ್ಕೆ ನೀರು ಹೋಗಿಲ್ದಿದ್ರೆ ಬದುಕ್ತಾನೆ." ಮಂಡ್ಯದ ಅಂಗಡಿಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು. ಮಹಡಿಯ ಮೇಲೆ ಒಣಮೆಣಸಿನಕಾಯಿಯ ಪಕ್ಕ ಡಬ್ಬವನ್ನು ಬಾಯಿ ತೆರೆದು ಇಟ್ಟೆವು. ಅತ್ತೆ ಕಾಗೆ ಓಡಿಸುವ ನೆಪದಲ್ಲಿ ಬಿಸಿಲು ಇಳಿಯುವ ತನಕ ಅದರ ಹತ್ತಿರವೇ ಕೂತಿರುತ್ತಿದ್ದರು.

ನಿಜ ಹೇಳುತ್ತೇನೆ, ನನಗೆ ಕಂಪ್ಯೂಟರ್ ಹೋದರೆ ಹೋಗಲಿ ಅನ್ನಿಸಿತ್ತು. ನಾನು ಹೆದರಿದ್ದು ಮನೆಯೊಳಗಿನ ಸದ್ದಿಗೆ, ಅಂದರೆ ಸದ್ದಿಲ್ಲದ್ದಕ್ಕೆ. ಅತ್ತೆ ಮತ್ತೆ ಬಾಯಿ ಹೊಲಿದುಕೊಂಡುಬಿಟ್ಟಿದ್ದರು. ನಾನು ಬೇಜಾರಿಲ್ಲ ಅಂದರೂ ತಲೆ ಎತ್ತುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಏನೂ ಅನ್ನಲಿಲ್ಲ, ಅದು ಇನ್ನೂ ಹೆದರಿಕೆಯ ವಿಷಯ.

ಹಬ್ಬ ಕಳೆದ ಮೇಲೆ ನಾವಿಬ್ಬರೂ ಮಂಡ್ಯಕ್ಕೆ ಹೊರಟೆವು. ಡಬ್ಬವನ್ನು ಅತ್ತೆ ನನ್ನ ಕೈಗೆ ಕೊಡಲಿಲ್ಲ, ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡರು. ವಿಭೂತಿ ಒರೆಸೋಣ ಅಂದರೆ ಪೂಜೆ ಮಾಡಿದ್ದನ್ನು ಒರೆಸಬಾರದು ಅಂದುಬಿಟ್ಟರು. ಮದ್ದೂರಿನ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಎದುರಿಗೆ ಕೂತು ಬಹಳ ಹೊತ್ತು ನೋಡಿ, "ಏನಕ್ಕಾ ಅದು?" ಅಂದಳು.

"ನಮ್ ಉಡ್ಗ ಅವ್ನೆ ಕಣವ್ವಾ ಇದ್ರೊಳ್ಗೆ. ನೀರ್ ಕುಡ್ದವ್ನೆ. ತೋರ್ಸ್ಕಬರವ ಅಂತ ಓಯ್ತಿದ್ದೀವಿ."

ಆ ಹೆಂಗಸು ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಚೀಲ ಎತ್ತಿಕೊಂಡು ಮುಂದಿನ ಬೋಗಿಗೆ ಹೋದಳು.

ಅಂಗಡಿಯವನು ಮುಚ್ಚಳ ಬಿಚ್ಚಿ, ಒಳಗಿನ ಹಳೇ ಧೂಳೆಲ್ಲ ಕೆಸರಾಗಿ ಒಣಗಿ ಸೀಳು ಬಿಟ್ಟಿದ್ದನ್ನು ನೋಡಿ, "ಇದ್ರಲ್ಲಿ ನಾಟಿ ಮಾಡಿದ್ರಾ?" ಅಂದ. ಬೇರೆ ಹೊತ್ತಾಗಿದ್ದರೆ ಅತ್ತೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ಅವತ್ತು ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಿದ್ದರು. ಅವನು ಬ್ರಷ್ಷಿನಲ್ಲಿ ಉಜ್ಜಿದ, ಊದಿದ, ಕರೆಂಟು ಬರುವ ಪೆಟ್ಟಿಗೆ ಹೋಗಿದೆ ಅಂತ ಬೇರೊಂದು ಹಳೆಯದನ್ನು ಕೂರಿಸಿದ. ಸ್ವಿಚ್ ಒತ್ತಿದ. ಏನೂ ಆಗಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡರು. ಅವನು ಯಾವುದೋ ವೈರು ಕಿತ್ತು, ಮತ್ತೆ ಚುಚ್ಚಿ, ಇನ್ನೊಮ್ಮೆ ಒತ್ತಿದ. ಫ್ಯಾನು ಗೊರಗೊರ ಅಂದಿತು. ಪರದೆ ಬೆಳಗಿತು. ನಾನು ಆಟ ತೆರೆದೆ. ಆ ಹಳೇ ರಾಗ ಶುರುವಾಯಿತು, ಛತ್ರದ ಬಾಗಿಲು ಬಂತು, ಮಾದೇವ ಕತ್ತಿ ಹಿಡಿದು ಗುಹೆಯ ಮುಂದೆ ನಿಂತಿದ್ದ. ಅವನ ಮೈಮೇಲೆ ಒಂದು ಹನಿ ನೀರಿರಲಿಲ್ಲ.

"ಬದ್ಕವ್ನೆ!" ಅಂದರು ಅತ್ತೆ. ರಸ್ತೆಯವರೆಗೂ ಕೇಳಿಸಿರಬೇಕು. ಎರಡೂ ಕೈಯಲ್ಲಿ ಪರದೆಯನ್ನು ಸವರಿ ತಮ್ಮ ಕಪಾಳಕ್ಕೆ ಒತ್ತಿ ಲಟಲಟ ನೆಟಿಗೆ ಮುರಿದರು. ಎದೆಯ ಮೇಲಿಂದ ಚಪ್ಪಡಿ ಇಳಿದ ಹಾಗಾಗಿ ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ಅತ್ತೆಯನ್ನೂ ಬಿಡದೆ, ಅಂಗಡಿಯವನನ್ನೂ ಬಿಡದೆ ಎಲ್ಲರನ್ನೂ ನೋಡಿ ನಕ್ಕೆ. ಕಣ್ಣಲ್ಲಿ ನೀರೂ ಬಂತು.

ಅವತ್ತು ಸಂಜೆ ಮನೆಗೆ ಬಂದು ವೈರೆಲ್ಲ ಸಿಕ್ಕಿಸಿದ ಮೇಲೆ ಅತ್ತೆ ಹೇಳಿದರು, "ಅಮ್ಮಿ, ಇವತ್ ಒಳಿಕ್ ಓಗ್ಬುಡವ. ಇನ್ನೊಂದ್ ಸಲ ಈ ಎದ್ರಿಕೆ ನನ್ ಕೈಲಾಗಕಿಲ್ಲ."

ಹೋದೆವು. ಸರ್ಪ ಪರದೆಯ ಅರ್ಧ ತುಂಬಿಕೊಂಡು ಎದ್ದಿತು. ಆದರೆ ವರ್ಷಗಟ್ಟಲೆ ಕಾಡಿನಲ್ಲಿ ರಾಕ್ಷಸರನ್ನು ಹೊಡೆದೂ ಹೊಡೆದೂ ನಮ್ಮ ಹುಡುಗ ಎಷ್ಟು ಬಲಿತಿದ್ದನೆಂದರೆ ಎರಡೇ ಏಟಿಗೆ ಅದು ಮಗುಚಿಕೊಂಡಿತು. ಕೂಡಿಟ್ಟ ಔಷಧಿ ಒಂದೂ ಬೇಕಾಗಲಿಲ್ಲ. "ಇಷ್ಟೇಯಾ? ಇದ್ಕಾ ಇಷ್ಟ್ ದಿವ್ಸ ಎದ್ರುಕಂಡಿದ್ದು?" ಅಂದರು ಅತ್ತೆ. ಗುಹೆಯೊಳಗಿಂದ ನೀಲಿ ಚೌಕಗಳು ಒಂದರ ಹಿಂದೊಂದು ಹೊರಟು, ಕಾಡು ದಾಟಿ, ಊರೂರಿನ ಕಾಲುವೆಗೆ ಇಳಿದವು. ಅತ್ತೆ ಕೊನೆಯ ಊರಿಗೆ ನೀರು ಮುಟ್ಟುವ ತನಕ ಕದಲದೆ ನೋಡಿದರು. ಆಮೇಲೆ ಪರದೆ ಕಪ್ಪಾಯಿತು.

ನಾನು ಕಂಪ್ಯೂಟರ್ ಆರಿಸಿ ಅಡುಗೆಮನೆಗೆ ಹೋಗಿ ಸೊಪ್ಪಿನ ಕಟ್ಟು ಬಿಚ್ಚಿದೆ. ಮುಗಿಯಿತಲ್ಲ ಅನ್ನಿಸಿ ಕೈ ಓಡಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು, ಎದುರಿಗೆ ಕಾಲು ಚಾಚಿ ಕೂತು, ಅರ್ಧ ಸೊಪ್ಪು ತಮ್ಮ ಕಡೆಗೆ ಎಳೆದುಕೊಂಡರು.

"ನಾನ್ ಆತಗೂರಿಂದ ಈ ಮನೆಗ್ ಬಂದಾಗ ನಮ್ಮತ್ತೆ ನನ್ಕುಟೆ ಮಾತೇ ಆಡ್ತಿರ್ನಿಲ್ಲ ಗೊತ್ತಾ? ಎಲ್ಲಾನೂ ಕೊಟ್ಗೇಲಿದ್ದ ಅಸಿಗೇ ಯೋಳೋರು. 'ಕೆಂದೀ, ನಿನ್ ಸಗ್ಣಿ ಎತ್ತೋರು ಯಾರೂ ಇಲ್ವೇನೆ' ಅನ್ನೋರು, ನಾನ್ ಓಗ್ ಎತ್ತೋದು."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಾ, "ನೀನ್ ಬಂದಾಗ ನಂಗೂ ಮಾತಾಡಕ್ ಬರ್ನಿಲ್ಲ ಕಣಮ್ಮಿ. ಓದಿರೋಳು, ಕೆಲ್ಸಕ್ ಓಗೋಳು, ಏನ್ ಮಾತಾಡ್ಸದು ಅಂತ ಬಯ ಆಗದು. ಮನೇಲಿ ಅಸನೂ ಇರ್ನಿಲ್ವಲ್ಲ" ಅಂದರು.

"ಅತ್ತೆ, ಕತ್ತಿ ಸಾಲದು ಸಾಲದು ಅಂತಿದ್ನಲ್ಲ ನಾನು, ಅದು ಸುಳ್ಳು. ಯಾವತ್ತೋ ಸಾಕಾಗಿತ್ತು."

"ಔಸ್ದಿನೂವೆ" ಅಂದರು ಅತ್ತೆ.

ಸೊಪ್ಪು ಬಿಡಿಸಿ ಮುಗಿದರೂ ಮಾತು ಮುಗಿಯಲಿಲ್ಲ. ಕೆಂದಿ ಹಸುವಿನಿಂದ ಅವರ ತವರಿಗೆ, ಅಲ್ಲಿಂದ ನನ್ನ ತವರಿಗೆ, ಅಲ್ಲಿಂದ ರೈಲಿನ ಆ ಹೆಂಗಸಿಗೆ ಬಂದೆವು. ನಮ್ಮನೆಯವರು ಗದ್ದೆಯಿಂದ ಬಂದು, ಕೈಕಾಲು ತೊಳೆದು, ಆರಿದ ಪರದೆಯನ್ನೂ ಅಡುಗೆಮನೆಯ ನೆಲದ ಮೇಲಿದ್ದ ನಮ್ಮಿಬ್ಬರನ್ನೂ ನೋಡಿ ಗಾಬರಿಯಾದರು.

"ಯಾಕವ್ವ, ಮತ್ತೆ ಕೆಟ್ಟೋಯ್ತಾ ಕಂಪ್ಯೂಟ್ರು?"

"ಇಲ್ಲ ಕಣ್ಲಾ, ಚೆಂದಾಗದೆ" ಅಂದರು ಅತ್ತೆ, ತಲೆಯೆತ್ತದೆ. "ನಾವು ಮಾತಾಡ್ತಾ ಇದ್ದೀವಿ. ನೀನೇ ಬಡುಸ್ಕಂಡ್ ಉಣ್ಣೋಗು."